ಮೂರು ಉಸಿರಿನ ಹೊತ್ತು

ಆ ಬೂಟುಗಳು ಅವಳ ಮುಖದ ಕೆಳಗೆ ಬಂದು ನಿಂತಾಗ ಡಾಕ್ಟರ ಎರಡೂ ಕೈಗಳು ಅವಳ ಸೊಂಟದ ಮೇಲಿದ್ದವು.

ಬೆನ್ನು, ಕತ್ತಿನ ಮೂಳೆಗಳನ್ನು ಕೈಯಿಂದಲೇ ಒತ್ತಿ ಸರಿಪಡಿಸುವ ಕೈರೊಪ್ರಾಕ್ಟರ ಮೇಜಿನಲ್ಲಿ ಮುಖ ಇಡಲು ಒಂದು ರಂಧ್ರವಿರುತ್ತದೆ. ಬೋರಲಾಗಿ ಮಲಗಿದವರಿಗೆ ಅದರೊಳಗಿಂದ ಕಾಣುವುದು ಒಂದು ಮೊಳ ನೆಲ. ಕತ್ತು ಸ್ವಲ್ಪ ಓರೆ ಮಾಡಿದರೆ ಬಾಗಿಲ ಹೊಸ್ತಿಲು. ನಾಲ್ಕು ವರ್ಷದಿಂದ ವಾರಕ್ಕೊಮ್ಮೆ ಅವಳು ಆ ನೆಲವನ್ನೂ ಅದರ ಮೇಲೆ ಓಡಾಡುವ ಡಾಕ್ಟರ ಕಪ್ಪು ಬೂಟುಗಳನ್ನೂ ನೋಡಿದ್ದಳು. ಇವತ್ತಿನವು ಕಂದು. ಎಡಗಾಲಿನ ತುದಿಯಲ್ಲಿ ಸೀಳು. ಅದಕ್ಕೆ ಬಿಳಿ ದಾರದ ಅಡ್ಡಾದಿಡ್ಡಿ ಹೊಲಿಗೆ. ಹೊಲಿಗೆ ಏಳೆಂದು ಅವಳಿಗೆ ಗೊತ್ತಿತ್ತು. ಆದರೂ ಎಣಿಸಿದಳು. ಏಳು.

"ಬಿಗಿ ಹಿಡೀಬೇಡಿ," ಡಾಕ್ಟರು ಹೇಳಿದರು. "ಒಳ್ಳೆ ಹಲಗೆ ಥರ ಮಲಗಿದ್ದೀರಲ್ಲ. ನಾನೇನು ಕೊಲ್ತೀನಾ?"

ನಾಲ್ಕು ವರ್ಷದ ಹಿಂದೆ, ಮಟಮಟ ಮಧ್ಯಾಹ್ನ, ಒಂದು ಕಾರು ಹಿಂದಿನಿಂದ ಬಂದು ಅವಳನ್ನು ಗುದ್ದಿತ್ತು. ಕೆನ್ನೆ ಟಾರಿಗೆ ಒತ್ತಿಕೊಂಡು ಬಿದ್ದಿದ್ದಳು. ಕತ್ತು ತಿರುಗುತ್ತಿರಲಿಲ್ಲ. ಕಾರಿನ ಬಾಗಿಲು ತೆರೆದ ಸದ್ದು. ಈ ಬೂಟುಗಳು ನಡೆದು ಬಂದು ಕಣ್ಣೆದುರು ನಿಂತವು. ಮೂರು ಉಸಿರಿನ ಹೊತ್ತು ನಿಂತವು. ಒಂದೊಂದು ಉಸಿರೂ ಬೆನ್ನನ್ನು ಸೀಳಿಕೊಂಡೇ ಬರುತ್ತಿದ್ದುದರಿಂದ ಲೆಕ್ಕ ತಪ್ಪುವಂತಿರಲಿಲ್ಲ. ಆಮೇಲೆ ಬಲಗಾಲು ಮೊದಲು ತಿರುಗಿತು, ಎಡಗಾಲು ಅದರ ಹಿಂದೆ. ಬಾಗಿಲು ಮುಚ್ಚಿತು. ಕಾರು ಹೋಯಿತು.

"ಮುಖ ನೋಡಿದ್ರೆ ಹೇಳಮ್ಮ. ಬೂಟು ಹಿಡ್ಕೊಂಡು ಊರೆಲ್ಲ ಅಲೆಯೋಕಾಗುತ್ತಾ?" ಎಂದು ಪೊಲೀಸಿನವನು ನಕ್ಕಿದ್ದ. ಬೂಟಿನ ಮಾತನ್ನು ಅವಳು ಮತ್ತೆ ಯಾರಿಗೂ ಹೇಳಲಿಲ್ಲ, ಗಂಡನಿಗೂ. ಆದರೆ ಅಂದಿನಿಂದ ಯಾರೇ ಎದುರಾದರೂ ಮೊದಲು ಕಾಲು ನೋಡುತ್ತಿದ್ದಳು. ಗಂಡ ಅವಳಿಗೆ 'ನೆಲ ನೋಡೋಳು' ಎಂದೇ ಹೆಸರಿಟ್ಟಿದ್ದ. "ಅಲ್ಲೇನು ಕಳ್ಕೊಂಡಿದ್ದೀಯ? ಹೇಳು, ನಾನೂ ಹುಡುಕ್ತೀನಿ."

ಅವನನ್ನೂ ಅವಳು ಮೊದಲು ನೋಡಿದ್ದು ಕಾಲಿನಿಂದಲೇ. ಇದೇ ಕ್ಲಿನಿಕ್ಕಿನ ಬೆಂಚು. ಬೆಲೆಯ ಚೀಟಿ ಇನ್ನೂ ಕಿತ್ತಿರದ ಹೊಸ ಚಪ್ಪಲಿ. ಅವನಿಗೂ ಬೆನ್ನುನೋವು. ಅವಳ ಅಪಘಾತದ ಕಥೆ ಕೇಳಿ, "ಮುಖ ಕಾಣಿಸ್ತಾ?" ಎಂದಿದ್ದ. ಇಲ್ಲವೆಂದಾಗ ಎದ್ದು ಹೋಗಿ ಒಂದು ಲೋಟ ನೀರು ತಂದುಕೊಟ್ಟಿದ್ದ. ಅಲ್ಲಿಂದೀಚೆಗೆ ಅವಳ ಕೈಯಲ್ಲಿ ಒಂದು ಬಕೆಟ್ಟನ್ನೂ ಎತ್ತಿಸಿದವನಲ್ಲ. ಕಾರು ಓಡಿಸಲು ಬಂದರೂ ಅವಳಿಗಾಗಿ ಓಡಿಸುವುದನ್ನೇ ನಿಲ್ಲಿಸಿದ್ದ. ಬಸ್ಸಿನಲ್ಲಿ ಅವಳನ್ನು ಕೂರಿಸಿ ತಾನು ಗೋಡೆಯಂತೆ ಅಡ್ಡ ನಿಲ್ಲುತ್ತಿದ್ದ. "ಒಂದೇ ತಿಂಗಳಲ್ಲಿ ಜಾರಿದ ಎರಡು ಡಿಸ್ಕು," ಎಂದು ಮದುವೆಯ ದಿನ ಡಾಕ್ಟರು ನಗಿಸಿದ್ದರು. "ಹೇಳಿ ಮಾಡಿಸಿದ ಜೋಡಿ."

ಅವನೀಗ ಹೊರಗಿನ ಬೆಂಚಿನ ಮೇಲಿದ್ದ. ಒಂದು ಕೂಗಿನ ದೂರ.

ಆದರೆ ಕೂಗಿ ಏನೆನ್ನುವುದು? ಅವಳು ಕೋಣೆಯನ್ನು ನೆನಪಿನಲ್ಲಿ ತಡಕಾಡಿದಳು. ಬೆಳಿಗ್ಗೆ ಪೈಪ್ ಒಡೆದು ಕ್ಲಿನಿಕ್ಕೆಲ್ಲ ನೀರು. ಒಳಗೆ ಬರುವಾಗ ಆಯಾ ಇನ್ನೂ ಒರೆಸುತ್ತಿದ್ದಳು; ಡಾಕ್ಟರು ಬಂದದ್ದು ತಾನು ಬೋರಲು ಮಲಗಿದ ಮೇಲೆ. ಕಿಟಕಿಯ ಕಟ್ಟೆಯ ಮೇಲೆ ಯಾರದೋ ಜೋಡು ಬಿಸಿಲಿಗಿತ್ತು. ಹಳೆಯ ಪಾದರಕ್ಷೆಗಳ ಕಪಾಟನ್ನು ಗೋಡೆಯಿಂದ ಈಚೆಗೆ ಎಳೆದಿದ್ದರು. ಮೊದಲ ಸಲ ಬಂದವರಿಂದ ಡಾಕ್ಟರು ಸವೆದ ಜೋಡು ಕೇಳಿ ಇಟ್ಟುಕೊಳ್ಳುತ್ತಿದ್ದರು: ಹಿಮ್ಮಡಿ ಎತ್ತ ಸವೆದಿದೆಯೋ ಬೆನ್ನು ಅತ್ತ ವಾಲಿರುತ್ತದಂತೆ. ಅವಳದೂ ಅಲ್ಲೇ ಧೂಳು ಹಿಡಿಯುತ್ತಿತ್ತು. ಜನರ ಹಿಮ್ಮಡಿ ಓದುವ ಮನುಷ್ಯನ ಕಾಲನ್ನು ಈ ನಾಲ್ಕು ವರ್ಷದಲ್ಲಿ ತಾನು ಸರಿಯಾಗಿ ಓದಿರಲಿಲ್ಲವೇ?

ಅಂಗೈ ಸೊಂಟದ ನಾಲ್ಕನೆಯ ಮೂಳೆಯ ಮೇಲೆ ಕೂತಿತು. ಒಂದು ತಳ್ಳು. ತಳ್ಳಿದಾಗ ಇಳಿಯುವಂತೆ ಮಾಡಿದ್ದ ಮೇಜಿನ ಹಲಗೆ ಧಡಕ್ಕನೆ ಕುಸಿದು ನಿಂತಿತು.

"ಡಾಕ್ಟ್ರೇ, ನೀವು ಕಾರು ಓಡಿಸ್ತೀರಾ?"

"ಓಡಿಸ್ದೆ ಏನು? ಇಪ್ಪತ್ತು ವರ್ಷ ಆಯ್ತು."

"ಯಾರಿಗಾದ್ರೂ ತಾಗಿಸಿದ್ದೀರಾ?"

ಕೈ ಒಂದು ಕ್ಷಣ ತಡೆಯಿತು. "ಯಾರು ತಾಗಿಸಿಲ್ಲ ಹೇಳಿ? ಹಳೇದೆಲ್ಲ ಕೆದಕ್ತಾ ಹೋದ್ರೆ ಕತ್ತು ಇನ್ನೂ ಬಿಗಿಯುತ್ತೆ. ಬಿಟ್ಟುಬಿಡಿ. ಈಗ ಕುತ್ತಿಗೆ."

ಬೂಟುಗಳು ತಲೆಯ ಕಡೆಗೆ ಸುತ್ತಿ ಬಂದವು. ಹೆಜ್ಜೆ ಹೆಜ್ಜೆಗೂ ಹಿಮ್ಮಡಿ ಪಟ್ ಪಟ್ ಎಂದಿತು. ಹತ್ತು ಬೆರಳುಗಳು ಅವಳ ಕತ್ತನ್ನು ಎರಡೂ ಕಡೆಯಿಂದ ಬಳಸಿದವು. ಇನ್ನೊಂದು ತಿರುವು, ಒಂದು ಸದ್ದು, ಅಷ್ಟೇ. ಆಮೇಲೆ ಬೂಟಿನ ಸಾಕ್ಷಿ ಹೇಳಲು ಯಾರೂ ಉಳಿಯುವುದಿಲ್ಲ.

"ರೀ! ಒಳಗೆ ಬನ್ರೀ!"

ಬೆರಳುಗಳು ಬೆಚ್ಚಿ ಸರಿದವು. ಬಾಗಿಲು ದಡಾರನೆ ತೆರೆಯಿತು. ಅವಳು ಕತ್ತು ಓರೆ ಮಾಡಿದಳು: ಹೊಸ್ತಿಲಲ್ಲಿ ಗಂಡನ ಚಪ್ಪಲಿಗಳು. ಹೋದ ಜೀವ ಬಂದಂತಾಯಿತು.

"ಏನಾಯ್ತೇ? ನೋವಾಯ್ತಾ?"

"ಅವತ್ತು ನನ್ನನ್ನ ಗುದ್ದಿ, ನೋಡ್ಕೊಂಡು ನಿಂತು, ಬಿಟ್ಟು ಹೋದನಲ್ಲ, ಅವನ ಬೂಟು. ಮುಖ ನೋಡ್ಲಿಲ್ಲ, ಇದನ್ನ ನೋಡಿದ್ದೆ. ಇವರ ಕಾಲಲ್ಲಿದೆ, ನೋಡ್ರೀ!"

ಡಾಕ್ಟರು ಏನೂ ತಿಳಿಯದೆ ಒಂದು ಕಾಲು ಎತ್ತಿ ಇಟ್ಟರು. ಹಿಮ್ಮಡಿ ಪಟ್ ಎಂದಿತು.

"ಇದಾ? ಇದು ನಂದಲ್ಲಮ್ಮ. ನಂದು ನೆನೆದು ಕಿಟಕೀಲಿ ಕೂತಿದೆ. ಕಪಾಟಲ್ಲಿ ಕೈಗೆ ಸಿಕ್ಕಿದ್ದನ್ನ ಹಾಕ್ಕೊಂಡೆ, ಅದೂ ಒಂದು ಸೈಜು ದೊಡ್ಡದು." ಆಮೇಲೆ ಬಾಗಿಲ ಕಡೆ ತಿರುಗಿ, ಸಂಕೋಚದ ದನಿಯಲ್ಲಿ: "ಬೇಜಾರು ಮಾಡ್ಕೋಬೇಡಿ ಯಜಮಾನ್ರೇ. ನಾಲ್ಕು ವರ್ಷದಿಂದ ಹೇಳ್ತಾನೇ ಇದ್ದೀನಿ, ನೀವು ವಾಪಸ್ ತಗೊಂಡು ಹೋಗ್ಲೇ ಇಲ್ಲ."

ಹೊಸ್ತಿಲಲ್ಲಿ ಚಪ್ಪಲಿಗಳು ಅಲುಗಲಿಲ್ಲ. ಒಂದು ಉಸಿರು. ಎರಡು. ಮೂರು. ಬಲಗಾಲು ಮೊದಲು ತಿರುಗಿತು.