ಪ್ಲೈವುಡ್ಡಿನ ಆಚೆಯಿಂದ

‘ನೋವಿಲ್ಲದೆ ಹಲ್ಲು ಕೀಳಲಾಗುವುದು’ ಎಂಬ ಸಾಲನ್ನು ಜೋಡಿಸಿ ಮುಗಿಸಿದ ಭಾವ ಟೀ ಲೋಟವನ್ನು ಕೈಗೆತ್ತಿಕೊಂಡಿದ್ದನಷ್ಟೆ. ಹಲ್ಲಿನ ಡಾಕ್ಟರ ಕರಪತ್ರದ ಆ ಸಾಲಿನ ಪಕ್ಕದಲ್ಲೇ, ಲ್ಯಾಪ್‌ಟಾಪಿನ ತೆರೆಯ ಮೇಲೆ, ತನ್ನಷ್ಟಕ್ಕೆ ತಾನೇ ‘ಕಕಕಕಕ’ ಎಂದು ಮೂಡಿತು. ಹಲ್ಲು ಕೀಳಿಸಿಕೊಂಡವನೇ ಒದರಿದಂತಿತ್ತು. ಭಾವನ ಎರಡೂ ಕೈ ಲೋಟದ ಮೇಲಿದ್ದವು.

ವೈರಸ್ಸೋ ದೆವ್ವವೋ ಎಂದು ಅವನು ತಲೆ ಕೆಡಿಸಿಕೊಳ್ಳುವಷ್ಟರಲ್ಲಿ ಪ್ಲೈವುಡ್ ಗೋಡೆಯಾಚೆ ಯಾರೋ ಕೀಲಿ ಕುಟ್ಟುವ ಸದ್ದು ಕೇಳಿತು. ಸದ್ದಿಗೆ ಸರಿಯಾಗಿ ಇಲ್ಲಿ ‘ಗಗಗ’. ಆಚೆ ಇದ್ದವನು ಭಾಮೈದ, ಹೆಂಡತಿಯ ಒಬ್ಬನೇ ತಮ್ಮ. ಹೋದ ತಿಂಗಳವರೆಗೆ ಇಬ್ಬರದೂ ಒಂದೇ ಡಿಟಿಪಿ ಅಂಗಡಿ. ಅವನು ಟೈಪಿಂಗ್, ಇವನು ಪುಟವಿನ್ಯಾಸ ಮತ್ತು ಕರಡು ತಿದ್ದುವುದು. ಜಗಳ ಹುಟ್ಟಿದ್ದು ಈ ಹಳೆಯ ಲ್ಯಾಪ್‌ಟಾಪಿನಿಂದಲೇ. ಅದರ ವೈಫೈ ಸತ್ತಾಗ ಭಾವ ಪಕ್ಕಕ್ಕೊಂದು ವೈಫೈ ಕಡ್ಡಿ ಸಿಕ್ಕಿಸಿದ. ಕೀಲಿಗಳು ಸತ್ತಾಗ ವೈರಿಲ್ಲದ ಕೀಬೋರ್ಡ್ ತಂದ. ಕಾದು ಕೆಂಡವಾಗತೊಡಗಿದಾಗ ಕೆಳಗೊಂದು ಫ್ಯಾನ್ ಇಟ್ಟ. ಇದೆಲ್ಲ ತನ್ನ ಜಾಣತನವೆಂದು ಅವನು ಬೀಗುತ್ತಿದ್ದಾಗಲೇ ಭಾಮೈದ ಗಿರಾಕಿಯ ಎದುರು, “ಭಾವ, ಇದು ಲ್ಯಾಪ್‌ಟಾಪ್ ಅಲ್ಲ, ಐಸಿಯುನಲ್ಲಿರೋ ಪೇಶೆಂಟು,” ಅಂದುಬಿಟ್ಟ. ಗಿರಾಕಿ ಹೊಟ್ಟೆ ಹಿಡಿದುಕೊಂಡು ನಕ್ಕ. ವಾರ ಕಳೆಯುವುದರೊಳಗೆ ಅಂಗಡಿಯ ನಡುವೆ ಪ್ಲೈವುಡ್ ಎದ್ದಿತು.

ಪಾಲಾಗುವಾಗ ಭಾಮೈದ ಕೇಳಿದ್ದು ಆ ಕೀಬೋರ್ಡ್ ಒಂದನ್ನೇ; ಬೆರಳಿಗೆ ಒಗ್ಗಿದೆ, ಹೊಸ ಕಂಪ್ಯೂಟರ್ ಬಂದಾಗ ಬೇಕು ಅಂದಿದ್ದ. ಭಾವ ಕರ್ಣನ ಹಾಗೆ ಎತ್ತಿ ಕೊಟ್ಟು, ತನಗೆ ವೈರಿರುವ ಅಗ್ಗದ್ದೊಂದು ತಂದುಕೊಂಡಿದ್ದ. ಆದರೆ ಕೀಬೋರ್ಡಿನಲ್ಲಿ ಒತ್ತಿದ್ದನ್ನು ಹಿಡಿದುಕೊಳ್ಳುವ ರಿಸೀವರ್, ಉಗುರಿನಷ್ಟು ಚಿಕ್ಕದು, ಲ್ಯಾಪ್‌ಟಾಪಿನ ಬೆನ್ನಿಗೇ ಕಚ್ಚಿಕೊಂಡು ಉಳಿದಿತ್ತು. ಅದು ಇಬ್ಬರಿಗೂ ನೆನಪಾಗಿರಲಿಲ್ಲ. ಇವತ್ತು ಹೊಸ ಕಂಪ್ಯೂಟರ್ ಬಂದಿದೆ. ಅಲ್ಲಿ ಒತ್ತಿದ್ದು ಇಲ್ಲಿ ಮೂಡುತ್ತಿದೆ. ಭಾವನಿಗೆ ಹೊಟ್ಟೆಗೆ ಹಾಲು ಹೊಯ್ದಷ್ಟು ಖುಷಿಯಾಯಿತು.

ಅಷ್ಟರಲ್ಲಿ ಇಬ್ಬರ ಊಟದ ಡಬ್ಬಿಯನ್ನೂ ಹಿಡಿದು ಹೆಂಡತಿ ಬಂದಳು.

“ನಿನ್ನ ತಮ್ಮ ಸತ್ತ ಕೀಬೋರ್ಡ್ ಕುಟ್ತಾ ಕೂತಿದಾನೆ. ಅದರ ಜೀವ ಇಲ್ಲಿದೆ, ನನ್ನ ಕೈಯಲ್ಲಿ.”

“ಕೊಟ್ಟು ಬನ್ನಿ ಮತ್ತೆ.”

“ಬೇಕಾದ್ರೆ ಬಂದು ಕೇಳಲಿ.”

“ಒಂದು ತಿಂಗಳಿಂದ ಅವನ ಮಾತು ನಿಮಗೆ, ನಿಮ್ಮ ಮಾತು ಅವನಿಗೆ ಮುಟ್ಟಿಸ್ತಾ ಇದೀನಿ. ವೈರಿಲ್ಲದೆ ಓಡಾಡ್ತಿರೋದು ಕೀಬೋರ್ಡ್ ಅಲ್ಲ ಕಣ್ರೀ, ನಾನು,” ಎಂದವಳು ತಮ್ಮನ ಡಬ್ಬಿ ತೆಗೆದುಕೊಂಡು ಪಕ್ಕಕ್ಕೆ ಹೋದಳು.

ಆಚೆ ಪಿಸುಮಾತು. ಆಮೇಲೆ ತೆರೆಯ ಮೇಲೆ ಹಲ್ಲಿನ ಸಾಲಿನ ಕೆಳಗೆ ಒಂದೊಂದೇ ಅಕ್ಷರ ಬಂತು: ‘ಭಾವ. ಕಾಣಿಸ್ತಿದೆಯಾ. ಕಾಣಿಸಿದರೆ ಒಂದು ಸಲ ಕೆಮ್ಮಿ.’

ಹೇಳಿದಾಗ ಕೆಮ್ಮುವುದಕ್ಕೆ ತಾನೇನು ಅವನ ಆಳೇ? ಭಾವ ಬಿಗಿಯಾಗಿ ಕುಳಿತ. ಗಂಟಲು ಮಾತ್ರ ಯಜಮಾನನ ಪಕ್ಷ ವಹಿಸಲಿಲ್ಲ. ಬೇಡ ಬೇಡ ಎಂದಷ್ಟೂ ಕೆರೆದು, ಕಡೆಗೆ ಬೀದಿಗೆಲ್ಲ ಕೇಳುವಂತೆ ಕೆಮ್ಮಿಸಿತು.

‘ಪೇಶೆಂಟು ಅಂದಿದ್ದು ತಪ್ಪು. ಗಿರಾಕಿ ಮುಂದೆ ಅಂದಿದ್ದು ಇನ್ನೂ ತಪ್ಪು. ಕ್ಶಮಿಸಿ.’

ಭಾವನ ಕಣ್ಣು ಮಂಜಾಯಿತು. ಏನಾದರೂ ಹೇಳಲೇಬೇಕು ಅನಿಸಿತು. ಪ್ಲೈವುಡ್ಡಿಗೆ ಬಾಯಿ ಹತ್ತಿರ ತಂದು ಹೇಳಿದ: “ಹೊಟ್ಟೆ ಸೀಳಿದ ಷ ಹಾಕು. ಈ ಶ ಅಲ್ಲ.”

ತಿಂಗಳ ಮೌನ ಮುರಿದು ಬಂದ ಮಾತು ಇದು. ಅವನು ನಾಲಗೆ ಕಚ್ಚಿಕೊಂಡ. ಆಚೆ ಹೆಂಡತಿ ನಗು ತಡೆಯಲು ಪಡುತ್ತಿದ್ದ ಪಾಡು ಕೇಳಿಸಿತು. ತೆರೆಯ ಮೇಲೆ ಆ ಪದ ಅಳಿಸಿಹೋಗಿ, ‘ಕ್ಷಮಿಸಿ’ ಎಂದು ಸರಿಯಾಗಿ ಬಂತು.

ಇನ್ನು ದೊಡ್ಡವನಾದ ತಾನು ಹಿಂದೆ ಬೀಳುವುದುಂಟೆ? ‘ತಗೋ, ನಿಂದೇ ಇದು’ ಎಂದು ಗಂಭೀರವಾಗಿ ಕೊಡಬೇಕು. ಮುಖಭಾವವನ್ನೂ ಮನಸ್ಸಿನಲ್ಲೇ ಸಿದ್ಧಮಾಡಿಕೊಂಡು ರಿಸೀವರನ್ನು ಸರಕ್ಕನೆ ಕಿತ್ತ. ಕಿತ್ತ ಮೇಲೆ ತೆರೆ ನೋಡಿದ: ‘ಇನ್ನೊಂದು ವಿಷಯ ಭಾವ, ಆವತ್ತು ನಾನು’. ಅಲ್ಲಿಗೆ ನಿಂತಿತ್ತು. ಗೋಡೆಯಾಚೆ ಕಟಕಟ ಮಾತ್ರ ನಿಲ್ಲದೆ ಸಾಗಿತ್ತು.

ಗಡಿಬಿಡಿಯಲ್ಲಿ ಮತ್ತೆ ಸಿಕ್ಕಿಸಿದ. ಹಳೆಯ ಲ್ಯಾಪ್‌ಟಾಪ್ ಅದನ್ನು ಗುರುತು ಹಿಡಿಯಲಾರದೆ ಗರಗರ ಅನ್ನುತ್ತಾ ಕುಳಿತಿತು. ಪೇಶೆಂಟೇ ಸರಿ, ಎಂದು ಭಾವ ಮೊದಲ ಬಾರಿಗೆ ಒಪ್ಪಿಕೊಂಡ. ರಿಸೀವರನ್ನು ಪುನಃ ಕಿತ್ತು ಮುಷ್ಟಿಯಲ್ಲಿ ಹಿಡಿದು, ಬೀದಿಗಿಳಿದು ಪಕ್ಕದ ಬಾಗಿಲಿಗೆ ಹೋದ.

ಭಾಮೈದ ಬಾಗಿಲಿಗೆ ಬೆನ್ನು ಹಾಕಿ, ಪ್ಲೈವುಡ್ಡನ್ನೇ ದಿಟ್ಟಿಸುತ್ತಾ ಟೈಪ್ ಮಾಡುತ್ತಿದ್ದ. ನಡುವೆ ಒಮ್ಮೆ ನಿಲ್ಲಿಸಿ ತೋಳಿನಿಂದ ಮೂಗು ಒರೆಸಿಕೊಂಡ, ಮತ್ತೆ ಶುರುಮಾಡಿದ. ಬಹಳ ಇತ್ತು ಅವನಿಗೆ ಹೇಳುವುದು. ಕೊನೆಗೆ ಕೈ ಎತ್ತಿದ.

“ಅಷ್ಟೇ ಭಾವ,” ಎಂದ ಗೋಡೆಗೆ. “ಓದಿದ್ರಾ?”

ಹೆಂಡತಿ ಬಾಗಿಲಲ್ಲಿ ನಿಂತ ಗಂಡನನ್ನು ನೋಡಿದಳು. ಅವನ ಬಿಗಿಮುಷ್ಟಿಯನ್ನೂ ನೋಡಿದಳು.

“ಓದಿದೆ,” ಎಂದ ಭಾವ. “ಒಂದೂ ತಪ್ಪಿಲ್ಲ.”