ಸಾವಕಾರರ ಸವಾರಿ

"ಲಗಾಮು ಬಿಡು. ಎರಡೂ ಕೈ ಚಾಚು. ಕಣ್ಣು ಮುಚ್ಚು," ಎಂದರು ದೇವಿದಾಸ ಡಾಕ್ಟರು.

"ನಾನ್ಯಾಕ್ರಿ ಸಾಹೇಬ್ರ? ಔಷಧ ಸಾವಕಾರ್ರಿಗಿ ಅಲ್ಲೇನ್ರಿ?"

"ಮೊದಲ ನೀ ಮಾಡಿ ತೋರಸು. ಅವರು ನೋಡಿ ಕಲೀತಾರ."

ಪಂಡರಿ ಕಣ್ಣು ಮುಚ್ಚಿದ. ಜೀನಿಲ್ಲದ ಕುದುರೆಯ ಬಿಸಿ ಬೆನ್ನು ಅವನನ್ನು ಎಡಕ್ಕೊಮ್ಮೆ, ಬಲಕ್ಕೊಮ್ಮೆ ತೂಗಿತು. ಹಗ್ಗ ಡಾಕ್ಟರ ಕೈಯಲ್ಲಿತ್ತು. ವೈಜನಾಥ ಸಾವಕಾರರು ಹಿಂದೆ ಕೂತು ಅವನ ಸೊಂಟವನ್ನು ಬಿಗಿಯಾಗಿ ಹಿಡಿದಿದ್ದರು. ಪಾಪ, ಬಿದ್ದೇನೆಂಬ ಹೆದರಿಕೆ ಎಂದುಕೊಂಡ ಪಂಡರಿ.

ಬಸವಕಲ್ಯಾಣದ ತ್ರಿಪುರಾಂತ ಕೆರೆಯ ದಂಡೆಯಲ್ಲಿ ಎರಡು ತಿಂಗಳಿಂದ ದಿನಾ ಬೆಳಗ್ಗೆ ಈ ಸವಾರಿ ನಡೆದಿತ್ತು. ವಾರಕ್ಕೊಮ್ಮೆ ಡಾಕ್ಟರು ಹುಮನಾಬಾದಿನಿಂದ ಬಸ್ಸಿನಲ್ಲಿ ಬಂದು ನೋಡುತ್ತಿದ್ದರು. ಉಳಿದ ದಿನ ಇವರಿಬ್ಬರೇ. ನರ ಸೋತು ನಡಿಗೆ ತಪ್ಪಿದವರನ್ನು ವಿಲಾಯತಿಯಲ್ಲಿ ಕುದುರೆಯ ಮೇಲೆ ಕೂರಿಸುತ್ತಾರೆಂದು ಡಾಕ್ಟರು ಎಲ್ಲೋ ಓದಿದ್ದರಂತೆ. ಕುದುರೆಯ ಹೆಜ್ಜೆ ಮನುಷ್ಯನ ಮೈಗೆ ಮರೆತ ಹೆಜ್ಜೆಯನ್ನು ನೆನಪಿಸುತ್ತದಂತೆ. ಸಾವಕಾರರು ದಂಡೆಗೆ ಕೋಲೂರಿಕೊಂಡು ಬರುತ್ತಿದ್ದರು. ಅವರ ಬಟ್ಟೆಯಂಗಡಿಗೆ ಹುಮನಾಬಾದಿನಿಂದ ಗಂಟು ತರುವ ಟಾಂಗಾ ಪಂಡರಿಯದು. ಹದಿನೈದು ವರ್ಷದ ಹಿಂದೆ, ರಜಾಕಾರರ ಗಲಾಟೆಯಲ್ಲಿ, ಅವರ ಮನೆಯವರನ್ನು ಸೋಲಾಪುರದ ಕಡೆ ದಾಟಿಸಿದವನೂ ಅವನೇ. ಈ ಕೆಲಸಕ್ಕೂ ಅವನನ್ನೇ ಕರೆದದ್ದರಲ್ಲಿ ಆಶ್ಚರ್ಯವೇನಿರಲಿಲ್ಲ.

"ಇದು ನಮ್ಮ ಮೂವರೊಳಗ ಇರಲಿ, ಪಂಡರಿ," ಎಂದಿದ್ದರು ಸಾವಕಾರರು. "ಇಂಥಾ ರೋಗದ ಸುದ್ದಿ ಹೊರಗ ಬಿದ್ದರ ಮನಷ್ಯಾ ತಲಿ ಎತ್ತಿ ತಿರಗಂಗಿಲ್ಲ."

ಅದು ಪಂಡರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅವನ ಕಾಲೂ ಎರಡು ವರ್ಷದಿಂದ ಹೇಳಿದ ಮಾತು ಕೇಳುತ್ತಿರಲಿಲ್ಲ. ರೋಗಿಯ ಟಾಂಗಾಕ್ಕೆ ಯಾರೂ ಹತ್ತುವುದಿಲ್ಲ. ಕುಡುಕನ ಟಾಂಗಾಕ್ಕೆ ಬೈದುಕೊಂಡಾದರೂ ಹತ್ತುತ್ತಾರೆ. ಹಾಗಾಗಿ, ಒಂದು ಹನಿಯನ್ನೂ ನುಂಗದ ಅವನು ದಿನಾ ಶೇಂದಿಯಲ್ಲಿ ಬಾಯಿ ಮುಕ್ಕಳಿಸಿ, ಅಂಗಿಗೂ ಒಂದಿಷ್ಟು ಚಿಮುಕಿಸಿಕೊಂಡು ಟಾಂಗಾ ಹೂಡುತ್ತಿದ್ದ. ಹೆಂಡತಿ ರುಕ್ಮಿಣಿಬಾಯಿ ಮಾತು ಬಿಟ್ಟಿದ್ದಳು. ಹಿಂದೊಮ್ಮೆ ಇದೇ ಡಾಕ್ಟರು ನಡುಬೀದಿಯಲ್ಲಿ ತಡೆದು "ಕಾಲು ತೋರಸು" ಎಂದಾಗ, "ಶೇಂದಿ ಜಾಸ್ತಿ ಆಗ್ಯಾದ್ರಿ ಸಾಹೇಬ್ರ" ಎಂದು ಹಲ್ಲು ಕಿರಿದು ತಪ್ಪಿಸಿಕೊಂಡಿದ್ದ. ಈಚೆಗೆ ಟಾಂಗಾ ಏರುವಾಗ ಗಾಲಿ ಹಿಡಿಯಬೇಕಾಗುತ್ತಿರಲಿಲ್ಲ. ಬೇಸಿಗೆಯ ಪುಣ್ಯ ಎಂದುಕೊಂಡಿದ್ದ.

ಅಂದು ಟಾಂಗಾ ಅಡ್ಡೆಯಲ್ಲಿ ಒಬ್ಬ ತಾಯಿ, ಹತ್ತಿದ್ದ ಮಗುವನ್ನು ಅವನ ಗಾಡಿಯಿಂದ ಇಳಿಸಿಕೊಂಡು, ಸೆರಗಿನಿಂದ ಮೂಗು ಮುಚ್ಚಿ, ಮಚ್ಚೇಂದ್ರನ ಗಾಡಿಗೆ ಹೋದಳು.

"ಏ ಪಂಡರಿ, ಇವತ್ತ ಕುದುರಿಗೂ ಕುಡಿಸಿಯೇನೋ?" ಎಂದ ಮಚ್ಚೇಂದ್ರ. "ಇಬ್ಬರೂ ಜೋಡೀಲೆ ತೂರಾಡಾಕತ್ತೀರಿ!"

ಅಡ್ಡೆಯೇ ನಕ್ಕಿತು. ಪಂಡರಿಯ ಕಿವಿ ಕಾದವು.

"ನನಗ ಯಾಕ ನಗತೀರಿ? ನಂದು ಶೇಂದಿ, ಸಂಜಿಗಿ ಇಳೀತದ. ವೈಜನಾಥ ಸಾವಕಾರ್ರದು ನರದ ರೋಗ, ಅದು ಇಳಿಯೂದಲ್ಲ. ದಿನಾ ಕೆರಿ ದಂಡಿಗಿ ಕುದುರಿ ಮ್ಯಾಲ ಕೂಡ್ಸವ ನಾನೇ."

ನಗು ನಿಂತಿತು. ಒಂದು ಗಳಿಗೆ ಹಿತವೆನಿಸಿತು. ಮರುಗಳಿಗೆ ನಾಲಿಗೆ ಕಡಿದುಕೊಳ್ಳಬೇಕೆನಿಸಿತು.

ವಾರದೊಳಗೆ ಸುದ್ದಿ ಬಂತು. ಸಾವಕಾರರ ಮಗಳಿಗೆ ಗೊತ್ತುಮಾಡಿದ್ದ ವರನ ತಂದೆ, ರಾಜೇಶ್ವರ ಊರಿನ ಬಕ್ಕಪ್ಪ, ಲಗ್ನ ಮುರಿದಿದ್ದ. ನರದ ರೋಗದ ಮನೆತನದ ಹೆಣ್ಣು ಬೇಡವಂತೆ.

ಅದಾದ ಮೂರನೆಯ ಬೆಳಗ್ಗೆ ಸಾವಕಾರರು ಎರಡೂ ಪಾದಗಳಿಗೆ ಬಟ್ಟೆ ಸುತ್ತಿಕೊಂಡು, ಎಂದಿಗಿಂತ ಹೆಚ್ಚು ಕುಂಟುತ್ತ ಬಂದರು. ಚಿಂತೆಗೆ ರೋಗ ಹೆಚ್ಚಿತೆಂದುಕೊಂಡ ಪಂಡರಿ. ಯಾರು ಬಾಯಿಬಿಟ್ಟರೆಂದು ಅವರು ಕೇಳಲಿಲ್ಲ.

"ಹತ್ತು ಪಂಡರಿ, ಬಿಸಲು ಏರಾಕತ್ತದ," ಎಂದರು ಅಷ್ಟೇ.

ಅವರು ಹಿಂದೆ ಕೂತದ್ದು ಒಳ್ಳೆಯದಾಯಿತು. ಮುಖ ಕೊಡಬೇಕಾಗಲಿಲ್ಲ.

ಅವರನ್ನು ಇಳಿಸಿದವನೇ ಪಂಡರಿ ಟಾಂಗಾ ಹೂಡಿ ರಾಜೇಶ್ವರದ ದಾರಿ ಹಿಡಿದ. ಆ ಹುಡುಗಿಯ ಲಗ್ನ ಉಳಿಯಬೇಕು. ಅದಕ್ಕೆ ಯಾವ ಸುಳ್ಳಾದರೂ ಸರಿ. ಬಕ್ಕಪ್ಪ ಕಟ್ಟೆಯ ಮೇಲೆ ಕೂತು ಅಡಿಕೆ ಕತ್ತರಿಸುತ್ತಿದ್ದ. ಪಂಡರಿ ಅವನ ಕಾಲಿಗೆ ಬಿದ್ದ.

"ತಪ್ಪು ನಂದ್ರಿ ಯಪ್ಪಾ. ಕುಡದ ಬಾಯಿಲೆ ಸುಳ್ಳ ಹೇಳೀನಿ. ಸಾವಕಾರ್ರಿಗಿ ಯಾವ ರೋಗಾನೂ ಇಲ್ರಿ."

"ಇಲ್ಲಂತ ನನಗೂ ಗೊತ್ತದ," ಎಂದ ಬಕ್ಕಪ್ಪ.

ಪಂಡರಿ ತಲೆ ಎತ್ತಿದ.

"ನಿನ್ನಿ ಕಲ್ಯಾಣದಿಂದ ಬರಿಗಾಲಿಲೆ ನಡಕೋತ ಬಂದಿದ್ದ ವೈಜನಾಥ. ಇದೇ ಅಂಗಳದಾಗ ಒಂಟಿಗಾಲ ಮ್ಯಾಲ ನಿಂತ. ತುಂಬಿದ ಕೊಡ ಹೊತ್ತು ಹನಿ ಚೆಲ್ಲದಂಗ ತಿರಗಿ ತೋರಿಸಿದ. ಹಂಗಾದರ ಕುದುರಿ ಔಷಧ ಯಾರಿಗಿ, ನಿನ್ನ ಮಗಳಿಗೇನು ಅಂತ ಕೇಳಿದೆ. ಅಲ್ಲ ಅಂತ ಲಿಂಗ ಮುಟ್ಟಿ ಆಣಿ ಮಾಡಿದ. ಮತ್ಯಾರಿಗಿ, ಹೆಸರ ಹೇಳು, ಈಗಿಂದೀಗ ಲಗ್ನ ಗಟ್ಟಿ ಅಂದೆ."

"ಏನಂದ್ರಿ ಅವರು?"

"'ಹೆಸರ ಹೊರಗ ಬಿದ್ದರ ಅವ ನಾಳಿಂದ ಕುದುರಿ ಹತ್ತಂಗಿಲ್ಲ' ಅಂದ. ಕಣ್ಣೀರ ಒರಸಿಕೊಂಡು ಎದ್ದು ಹೋದ." ಬಕ್ಕಪ್ಪ ಅಡಕೊತ್ತು ಕೆಳಗಿಟ್ಟ. "ಮಗಳ ಲಗ್ನಕ್ಕಿಂತ ಹೆಚ್ಚಿನವ ಯಾವ ರೋಗಿನೋ ನನಗ ತಿಳೀವಲ್ದು. ನೀ ಹೇಳು. ಆ ಕುದುರಿ ಮ್ಯಾಲ ದಿನಾ ಯಾರ್ಯಾರು ಕೂಡತೀರಿ?"

"ಸಾವಕಾರ್ರು ಮತ್ತ ನಾನು, ಇಬ್ಬರೇ ರೀ," ಎಂದ ಪಂಡರಿ. ಅಂದ ಮೇಲೆ ಆ ಮಾತು ಅವನಿಗೇ ಕೇಳಿಸಿತು.