ಹನ್ನೆರಡು ಜಾಡಿ

ಅತ್ತೆಯ ಉಪ್ಪಿನಕಾಯಿಯ ಘಮಕ್ಕೆ ಏಳೂರಿನ ಬಾಯಲ್ಲಿ ನೀರೂರಿ ಕೆರೆಗಳು ಕೋಡಿ ಬೀಳುತ್ತಿದ್ದವು. ಅಂಥ ಹನ್ನೆರಡು ಗಾಜಿನ ಜಾಡಿಗಳಿಗೆ ಅತ್ತೆಯ ಕಾವಲು ಕೋಟೆಯ ಕಾವಲಿಗಿಂತ ಬಿಗಿ. “ಮುಟ್ಟಾದವಳು ಮುಟ್ಟಿದರೆ ಬೂಷ್ಟು ಹಿಡಿಯತ್ತೆ,” ಎಂದು ಇಪ್ಪತ್ತೆರಡು ವರ್ಷ, ತಿಂಗಳಿಗೆ ಮೂರು ದಿನ, ಸೊಸೆ ವಾರಿಜಾಳನ್ನು ಸೊಟ್ಟ ಅಲ್ಯುಮಿನಿಯಂ ತಟ್ಟೆ ಕೊಟ್ಟು ಹಿತ್ತಿಲ ಕೋಣೆಯಲ್ಲಿ ಕೂರಿಸಿದ್ದಳು.

ಈಗ ಅತ್ತೆಗೆ ಬೇರೆ ಕಿಡ್ನಿ ಹಾಕಿದ್ದರು. ಅದನ್ನು ಮೈ ಒಪ್ಪಿಕೊಳ್ಳಲೆಂದು ಕೊಡುವ ಮಾತ್ರೆಗಳಿಂದ ರೋಗ ತಡೆಯುವ ಶಕ್ತಿಯೇ ಉಡುಗಿತ್ತು. ಬೂಷ್ಟಿನ ಧೂಳು ಉಸಿರಿಗೆ ಸೇರಿದರೂ ಪ್ರಾಣಕ್ಕೆ ಕುತ್ತು ಎಂದಿದ್ದರು ಡಾಕ್ಟರು. ಬೇರೆ ಕೋಣೆ, ಬೇರೆ ತಟ್ಟೆ, ಆರು ತಿಂಗಳು.

ವಾರಿಜಾ ಹಿಗ್ಗಿದ ಹಿಗ್ಗಿಗೆ ಮನೆಯ ಬಾಗಿಲು ಸಾಲಲಿಲ್ಲ. ಅದೇ ಸೊಟ್ಟ ತಟ್ಟೆಯನ್ನು ಏಳು ಸಲ ಕುದಿಸಿ, ಬಿಸಿ ಅನ್ನ ಬಡಿಸಿ, ಹೊಸ್ತಿಲಾಚೆಯಿಂದ ತಳ್ಳಿದಳು.

“ಹೊಸ್ತಿಲು ದಾಟ್ಬೇಡಿ ಅತ್ತೆ. ಏನನ್ನೂ ಮುಟ್ಬೇಡಿ.”

“ಒಂದು ಮಿಡಿ ಉಪ್ಪಿನಕಾಯಿನಾದ್ರೂ ಹಾಕೇ! ದೇವರಕೋಣೇಲಿ ಬೀಗ ಹಾಕಿಟ್ಟ ಜಾಡೀದೇ ಆಗ್ಬೇಕು, ತಗೋ ಬೀಗದ ಕೈ. ಉಳಿದಿದ್ದಕ್ಕೆ ನಿನ್ನ ಕೈ ತಾಗಿದ್ರೆ ಯಾರಿಗೆ ಗೊತ್ತು!”

ವಾರಿಜಾ ಆ ಜಾಡಿಯನ್ನು ತಂದು, ಮುಚ್ಚಿದ ಗಾಜಿನ ಕಿಟಕಿಯ ಆಚೆ ನಿಂತು ತೋರಿಸಿದಳು. ಒಳಗೆ ಒಂದು ಕಂಬಳಿ ನೇಯುವಷ್ಟು ಬೂಷ್ಟು.

“ಅಯ್ಯೋ ಪಾಪಿ! ಹೊರಗಾದಾಗ ಮುಟ್ಟಿಬಿಟ್ಯಾ?”

“ಇದಕ್ಕೆ ನನ್ನ ಕೈ ತಾಗಿದ್ದು ಇವತ್ತೇ ಮೊದಲು ಅತ್ತೆ. ಅಡುಗೆಮನೇಲಿರೋ ಹನ್ನೊಂದನ್ನ ಇಪ್ಪತ್ತೆರಡು ವರ್ಷ, ತಿಂಗಳಿಗೆ ಮೂರು ದಿನ, ನೀವು ನಿದ್ದೆ ಹೋದ್ಮೇಲೆ ಬಂದು ಬಿಡದೆ ಮುಟ್ಟಿದ್ದೀನಿ. ಒಂದರಲ್ಲೂ ಚುಕ್ಕೆ ಬೂಷ್ಟಿಲ್ಲ.”